ವಡೂಟ್ಸ್ ಫುಟ್‌ಬಾಲ್ ಕ್ಲಬ್: ಪದೇ ಪದೇ ಕೇಳುವ ಪ್ರಶ್ನೆಗಳು

ಆಲ್ಪ್ಸ್ ಬೆಟ್ಟಗಳ ಬುಡದಲ್ಲಿರುವ ಒಂದು ಪುಟ್ಟ ಊರಿನ ತಂಡ ಎಫ್‌ಸಿ ವಡೂಟ್ಸ್. ಇದರ ಕಥೆ ಶುರು ಮಾಡಿದರೆ ಸಾಕು, ಕೇಳುವವರು ಅರ್ಧದಲ್ಲೇ ತಡೆದು ಪ್ರಶ್ನೆ ಹಾಕುತ್ತಾರೆ. ಕಾರಣ ಇದೆ. ಊರು ಒಂದು ದೇಶದ್ದು, ಆಡುವ ಲೀಗ್ ಇನ್ನೊಂದು ದೇಶದ್ದು. ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಹಾಗೇ ಉಳಿಸಿಕೊಂಡಿದ್ದೇನೆ. ಹೊಸಬರು ಮೇಲಿನಿಂದ ಓದಿಕೊಂಡು ಬನ್ನಿ. ಕ್ಲಬ್ಬಿನ ಪರಿಚಯ ಇದ್ದವರು ನೇರವಾಗಿ ಕೊನೆಯ ಭಾಗಕ್ಕೆ ಹೋದರೂ ನಡೆಯುತ್ತದೆ.

## ಮೊದಲು ತಿಳಿಯಬೇಕಾದ್ದು

ಸ್ವಿಸ್ ಲೀಗ್‌ನಲ್ಲಿ ಆಡುತ್ತಾರೆ ಅಂದಮೇಲೆ ಇದು ಸ್ವಿಟ್ಜರ್ಲೆಂಡಿನ ಕ್ಲಬ್ ಅಲ್ವಾ?

ಅಲ್ಲ. ವಡೂಟ್ಸ್ ಲಿಕ್ಟೆನ್‌ಸ್ಟೈನ್ ಎಂಬ ದೇಶದ ರಾಜಧಾನಿ. ಆ ದೇಶ ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವೆ, ರೈನ್ ನದಿಯ ಬಲದಂಡೆಯ ಮೇಲಿದೆ. ವಿಸ್ತೀರ್ಣ 160 ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 40,000. ಅದರಲ್ಲಿ ವಡೂಟ್ಸ್ ಊರಿನಲ್ಲಿರುವವರು 6,000ಕ್ಕಿಂತ ಕಡಿಮೆ. ರಾಜಧಾನಿ ಅಂದ ಕೂಡಲೇ ನಮಗೆ ದೊಡ್ಡ ಪಟ್ಟಣ ಕಣ್ಣಮುಂದೆ ಬರುತ್ತದೆ. ಇಲ್ಲಿ ಹಾಗಿಲ್ಲ. ಪಕ್ಕದ ಶಾನ್ ಎಂಬ ಊರಿನಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿ ಜನ ಇದ್ದಾರೆ.

ಹಾಗಾಗಿ ಕ್ಲಬ್ ಲಿಕ್ಟೆನ್‌ಸ್ಟೈನಿನದು, ವಾರವಾರ ಆಡುವುದು ಮಾತ್ರ ಸ್ವಿಸ್ ಲೀಗ್‌ನಲ್ಲಿ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಹೆಸರನ್ನು ‘ವಡುಜ್’ ಅನ್ನಬೇಕಾ, ‘ವಡೂಟ್ಸ್’ ಅನ್ನಬೇಕಾ?

ಅಲ್ಲಿಯ ಭಾಷೆ ಜರ್ಮನ್. ಹೆಸರಿನ ಕೊನೆಯ ಅಕ್ಷರವನ್ನು ಜರ್ಮನ್‌ನಲ್ಲಿ ‘ಟ್ಸ್’ ಎಂದು ಉಚ್ಚರಿಸುತ್ತಾರೆ. ಅದಕ್ಕೇ ವಡೂಟ್ಸ್. ಮೊದಲ ಅಕ್ಷರವನ್ನು ‘ಫ’ಗೆ ಹತ್ತಿರವಾಗಿ, ‘ಫಡೂಟ್ಸ್’ ಎಂದು ಹೇಳುವುದೂ ಉಂಟು. ‘ವಡುಜ್’ ಅಂದರೂ ಯಾರಿಗೂ ಅರ್ಥವಾಗದೇ ಹೋಗುವುದಿಲ್ಲ.

ಇವರನ್ನು ‘ರೆಸಿಡೆಂಟ್ಸ್‌ಲರ್’ ಅಂತ ಯಾಕೆ ಕರೀತಾರೆ?

ಲಿಕ್ಟೆನ್‌ಸ್ಟೈನಿಗೆ ಈಗಲೂ ದೊರೆ ಇದ್ದಾರೆ. ಅವರ ಕೋಟೆ ವಡೂಟ್ಸ್ ಊರಿನ ತಲೆಯ ಮೇಲೆ, ಬಂಡೆಯ ಅಂಚಿನಲ್ಲಿದೆ. ದೊರೆಯ ನಿವಾಸ ಇರುವ ಊರಿನವರು ಎಂಬ ಅರ್ಥದಲ್ಲಿ ಆ ಅಡ್ಡಹೆಸರು ಬಂದಿದೆ. ತಂಡದ ಬಣ್ಣ ಕೆಂಪು ಮತ್ತು ಬಿಳಿ.

ಸ್ಟೇಡಿಯಂ ಎಷ್ಟು ದೊಡ್ಡದು? ನದಿ ಪಕ್ಕದಲ್ಲೇ ಇದೆಯಂತೆ?

ಹೌದು, ಹೆಸರೇ ರೈನ್‌ಪಾರ್ಕ್. ಸ್ಟೇಡಿಯಂ, ಆಮೇಲೆ ಏರಿ, ಅದರಾಚೆ ನದಿ. ನದಿಯ ಆಚೆ ದಡ ಸ್ವಿಟ್ಜರ್ಲೆಂಡ್. ಸುಮಾರು 7,500 ಜನ ಹಿಡಿಸುತ್ತದೆ. ಅಂದರೆ ಇಡೀ ಊರನ್ನು ಒಳಗೆ ಕೂರಿಸಿದರೂ ಜಾಗ ಉಳಿಯುತ್ತದೆ.

ಇದು ತೆರೆದದ್ದು 1998ರ ಜುಲೈ 31ರಂದು. ಉದ್ಘಾಟನೆಯ ಪಂದ್ಯಕ್ಕೆ ಬಂದ ತಂಡ ಕೈಸರ್ಸ್‌ಲೌಟರ್ನ್. ಆಗಷ್ಟೇ ಜರ್ಮನಿಯ ಚಾಂಪಿಯನ್ ಆಗಿದ್ದ ತಂಡ ಅದು. ವಡೂಟ್ಸ್ 0-8ರಿಂದ ಸೋತಿತು. ಊರಿಗೆ ಆವತ್ತು ಸೋಲು ದೊಡ್ಡ ವಿಷಯವೇ ಆಗಿರಲಿಲ್ಲ ಎಂದು ನಾನು ನಂಬುತ್ತೇನೆ. ಸರಿಯಾದ ಸ್ಟೇಡಿಯಂ ಒಂದು ಕೊನೆಗೂ ಬಂದಿತ್ತಲ್ಲ.

ದೇಶದ ತಂಡ ಆಡುವುದೂ ಇಲ್ಲೇ. 2003ರ ಮಾರ್ಚ್‌ನಲ್ಲಿ ಇಂಗ್ಲೆಂಡ್ ಇಲ್ಲಿಗೆ ಬಂದು 2-0ಯಿಂದ ಗೆದ್ದು ಹೋಯಿತು. ಎರಡೂ ದೇಶಗಳ ರಾಷ್ಟ್ರಗೀತೆಯ ಧಾಟಿ ಒಂದೇ ಎನ್ನುವುದು ಆ ಪಂದ್ಯದ ಒಂದು ವಿಶೇಷ. 2004ರ ಅಕ್ಟೋಬರ್‌ನಲ್ಲಿ ಪೋರ್ಚುಗಲ್ ಇದೇ ಮೈದಾನದಲ್ಲಿ 2-2 ಡ್ರಾ ಮಾಡಿಕೊಂಡು ಹೋಯಿತು. ಅದೇ ವರ್ಷ ಯೂರೋ ಫೈನಲ್ ಆಡಿದ್ದ ಪೋರ್ಚುಗಲ್ ಅದು!

ನಾವು ಹೋಗಿ ಪಂದ್ಯ ನೋಡಬಹುದಾ? ಬೇರೆ ವೀಸಾ ಬೇಕಾ?

ಲಿಕ್ಟೆನ್‌ಸ್ಟೈನ್ 2011ರ ಕೊನೆಯಲ್ಲಿ ಶೆಂಗೆನ್ ಸೇರಿತು. ಹಾಗಾಗಿ ಭಾರತದಿಂದ ಹೋಗುವವರಿಗೆ ಶೆಂಗೆನ್ ವೀಸಾ ಇದ್ದರೆ ಸಾಕು. ಗಡಿಯಲ್ಲಿ ಕಾಯುವ ಕೆಲಸವೂ ಇಲ್ಲ. ವಡೂಟ್ಸ್‌ನಲ್ಲಿ ರೈಲು ನಿಲ್ದಾಣ ಇಲ್ಲ. ಜೂರಿಕ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ಹೋಗಿ ಸಾರ್ಗನ್ಸ್‌ನಲ್ಲಿ ಇಳಿಯಬೇಕು. ಅಲ್ಲಿಂದ ಬಸ್ ಇದೆ. ಊರ ನಡುವಿನಿಂದ ಸ್ಟೇಡಿಯಂಗೆ ನಡೆದೇ ಹೋಗಬಹುದು.

ಸಮಯ ಇದ್ದರೆ ನದಿಯ ಮೇಲಿನ ಹಳೆಯ ಮರದ ಸೇತುವೆಯನ್ನೂ ನೋಡಿ. ಮೇಲೆ ಚಾವಣಿ ಇರುವ ಸೇತುವೆ. ಆಲ್ಪ್ಸ್ ಭಾಗದ ರೈನ್ ನದಿಗೆ ಉಳಿದಿರುವ ಕೊನೆಯ ಮರದ ಸೇತುವೆ ಇದೇ. ಅದರ ಮೇಲೆ ನಡೆಯುತ್ತಾ ಹೋದರೆ ಅರ್ಧದಲ್ಲಿ ದೇಶ ಬದಲಾಗುತ್ತದೆ. ಈ ಕ್ಲಬ್ಬಿನ ಕಥೆಯನ್ನು ಯಾರಿಗಾದರೂ ವಿವರಿಸಬೇಕಾದರೆ ಮೊದಲು ಅಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನಿಸುತ್ತದೆ.

## ಹುಟ್ಟಿದ್ದು, ಬೆಳೆದದ್ದು

ಕ್ಲಬ್ ಶುರುವಾಗಿದ್ದು ಯಾವಾಗ?

1932ರ ಫೆಬ್ರವರಿ 14ರಂದು. ಅದೇ ವರ್ಷ ಏಪ್ರಿಲ್‌ನಲ್ಲಿ ಪಕ್ಕದ ಬಾಲ್ಜರ್ಸ್ ಊರಿಗೆ ಹೋಗಿ ಅಭ್ಯಾಸ ಪಂದ್ಯ ಆಡಿದರು. 2-1ರಿಂದ ಗೆದ್ದರು. ಬಾಲ್ಜರ್ಸ್ ಇವತ್ತಿಗೂ ಇವರ ನೆರೆಯ ಎದುರಾಳಿ. ಒಂಬತ್ತು ದಶಕ ಕಳೆದರೂ ಆ ಪೈಪೋಟಿ ಹಾಗೇ ಇದೆ. ದೇಶದ ಫುಟ್‌ಬಾಲ್ ಸಂಸ್ಥೆ ಹುಟ್ಟಿದ್ದು ಅದಾದ ಎರಡು ವರ್ಷಕ್ಕೆ, 1934ರಲ್ಲಿ. ಅಂದರೆ ಮೊದಲು ಕ್ಲಬ್, ಆಮೇಲೆ ಸಂಸ್ಥೆ.

ತಮ್ಮ ದೇಶದಲ್ಲೇ ಒಂದು ಲೀಗ್ ಮಾಡಿಕೊಳ್ಳಬಾರದಾ?

ಇದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ಲೆಕ್ಕದಲ್ಲಿದೆ. ಇಡೀ ದೇಶದಲ್ಲಿರುವುದು ಏಳು ಕ್ಲಬ್‌ಗಳು: ವಡೂಟ್ಸ್, ಬಾಲ್ಜರ್ಸ್, ಎಶೆನ್-ಮೌರೆನ್, ರುಗ್ಗೆಲ್, ಶಾನ್, ಟ್ರೀಸೆನ್, ಟ್ರೀಸೆನ್‌ಬರ್ಗ್. ಏಳೇ ತಂಡ ಇಟ್ಟುಕೊಂಡು ಲೀಗ್ ಮಾಡಿದರೆ ವರ್ಷವಿಡೀ ಅದೇ ಮುಖಗಳನ್ನು ನೋಡಬೇಕು. ಅದಕ್ಕಿಂತ ದೊಡ್ಡ ತೊಂದರೆ ಮಟ್ಟದ್ದು. ವಡೂಟ್ಸ್ ಪೂರ್ತಿ ವೃತ್ತಿಪರ ತಂಡ. ಉಳಿದ ಆರು ಕ್ಲಬ್‌ಗಳ ಹುಡುಗರು ಹಗಲು ಬೇರೆ ಕೆಲಸ ಮಾಡಿ ಸಂಜೆ ಆಡಲು ಬರುವವರು. ಅವರ ನಡುವೆ ವಾರವಾರ ಪಂದ್ಯ ಇಟ್ಟರೆ ಯಾರಿಗೂ ಒಳ್ಳೆಯದಾಗುವುದಿಲ್ಲ.

ಸ್ವಿಸ್ ವ್ಯವಸ್ಥೆಯಲ್ಲಿ ಏಳು ಕ್ಲಬ್‌ಗಳೂ ತಮ್ಮ ತಮ್ಮ ಮಟ್ಟದ ಎದುರಾಳಿಗಳನ್ನು ಹುಡುಕಿಕೊಂಡಿವೆ. ಒಬ್ಬರು ಎರಡನೇ ದರ್ಜೆಯಲ್ಲಿ, ಮತ್ತೊಬ್ಬರು ಐದನೆಯದರಲ್ಲಿ, ಇನ್ನೊಬ್ಬರು ಅದಕ್ಕೂ ಕೆಳಗೆ. ಪಕ್ಕದ ಮನೆಯ ಅಂಗಳ ದೊಡ್ಡದಿದ್ದರೆ ಓಣಿಯ ಮಕ್ಕಳೆಲ್ಲ ಅಲ್ಲೇ ಸೇರಿ ಆಡುವುದಿಲ್ಲವೇ, ಹಾಗೆ.

ಅದು ಸ್ವಿಟ್ಜರ್ಲೆಂಡೇ ಯಾಕೆ? ಆಸ್ಟ್ರಿಯಾ ಕೂಡ ಪಕ್ಕದಲ್ಲೇ ಇದೆಯಲ್ಲ?

ಮೊದಲ ವರ್ಷ ಆಡಿದ್ದು ಆಸ್ಟ್ರಿಯಾದಲ್ಲೇ. 1932-33ರಲ್ಲಿ ವಡೂಟ್ಸ್, ಶಾನ್, ಟ್ರೀಸೆನ್ ಮೂರೂ ತಂಡಗಳು ಆಸ್ಟ್ರಿಯಾದ ಫೊರಾರ್ಲ್‌ಬರ್ಗ್ ಪ್ರಾಂತ್ಯದ ಸಂಸ್ಥೆಯಲ್ಲಿದ್ದವು. 1933ರಿಂದ ವಡೂಟ್ಸ್ ಸ್ವಿಟ್ಜರ್ಲೆಂಡಿನ ಕಡೆ ಬಂತು.

ಆ ಕಾಲವನ್ನು ನೆನಪಿಸಿಕೊಂಡರೆ ಇದು ಆಶ್ಚರ್ಯದ ಮಾತಲ್ಲ. ಮೊದಲ ಮಹಾಯುದ್ಧದವರೆಗೆ ಲಿಕ್ಟೆನ್‌ಸ್ಟೈನಿನ ವ್ಯಾಪಾರ, ಹಣ, ಸುಂಕ ಎಲ್ಲವೂ ಆಸ್ಟ್ರಿಯಾದ ಜೊತೆಗಿತ್ತು. ಯುದ್ಧದಲ್ಲಿ ಆಸ್ಟ್ರಿಯಾ ಕುಸಿಯಿತು. ಅದರ ಹಣಕ್ಕೆ ಬೆಲೆ ಇಲ್ಲದಂತಾಯಿತು. 1923ರಲ್ಲಿ ಲಿಕ್ಟೆನ್‌ಸ್ಟೈನ್ ಸ್ವಿಟ್ಜರ್ಲೆಂಡಿನ ಜೊತೆ ಸುಂಕದ ಒಪ್ಪಂದ ಮಾಡಿಕೊಂಡಿತು. ಸ್ವಿಸ್ ಫ್ರಾಂಕ್ ಅಲ್ಲಿಯ ಹಣವಾಯಿತು. ಸಂತೆ, ಕೆಲಸ, ಓಡಾಟ ಎಲ್ಲ ಪಶ್ಚಿಮದ ಕಡೆ ತಿರುಗಿತು. ಕೆಲವೇ ವರ್ಷಗಳಲ್ಲಿ ಫುಟ್‌ಬಾಲ್ ಕೂಡ ಅದೇ ದಾರಿ ಹಿಡಿಯಿತು.

ಮೊದಲಿಂದಲೂ ದೊಡ್ಡ ದರ್ಜೆಯಲ್ಲೇ ಇದ್ದರಾ?

ಇಲ್ಲ, ಬಹಳ ಕಾಲ ಇದು ಸಾಧಾರಣ ಊರ ತಂಡ. ಕೆಳಗಿನ ದರ್ಜೆಗಳಲ್ಲಿ ಹತ್ತುತ್ತಾ ಇಳಿಯುತ್ತಾ ದಶಕಗಳೇ ಕಳೆದವು. 1960ರಿಂದ 1973ರವರೆಗೆ ಆಗಿನ ಮೂರನೇ ದರ್ಜೆಯಲ್ಲಿ ಒಂದೇ ಸಮನೆ ಉಳಿದದ್ದೇ ದೊಡ್ಡ ಸಾಧನೆ. ಎರಡನೇ ದರ್ಜೆಗೆ ಏರಿದ್ದು 2001ರಲ್ಲಿ. ಅಂದರೆ ಹುಟ್ಟಿ 69 ವರ್ಷ ಆದಮೇಲೆ.

2004 ಮತ್ತು 2005ರಲ್ಲಿ ಎರಡು ಸಲ ಮೊದಲ ದರ್ಜೆಯ ಬಾಗಿಲವರೆಗೆ ಬಂದರು. ಎರಡೂ ಸಲ ಪ್ಲೇಆಫ್‌ನಲ್ಲಿ, ಅಂದರೆ ಬಡ್ತಿಯನ್ನು ನಿರ್ಧರಿಸುವ ಪಂದ್ಯಗಳಲ್ಲಿ ಸೋತರು. ಮೊದಲ ಸಲ ನ್ಯೂಷಟೆಲ್ ಕ್ಸಾಮಾಕ್ಸ್ ತಡೆಯಿತು, ಮರುವರ್ಷ ಷಾಫ್‌ಹೌಸೆನ್.

ಸ್ವಿಸ್ ಸೂಪರ್ ಲೀಗ್‌ಗೆ ಎಷ್ಟು ಸಲ ಏರಿದ್ದಾರೆ?

ಸೂಪರ್ ಲೀಗ್ ಅಂದರೆ ಸ್ವಿಸ್ ಫುಟ್‌ಬಾಲಿನ ಮೊದಲ ದರ್ಜೆ. ನಾನು ಬಲ್ಲ ಮಟ್ಟಿಗೆ ದೊಡ್ಡ ಹೆಜ್ಜೆಗಳು ಮೂರು: 2008, 2014, 2020.

2008ರಲ್ಲಿ ಹೈಂಜ್ ಹರ್ಮನ್ ಕೋಚ್ ಆಗಿದ್ದಾಗ ಎರಡನೇ ದರ್ಜೆಯಾದ ಚಾಲೆಂಜ್ ಲೀಗ್ ಗೆದ್ದು ಮೊದಲ ಬಾರಿ ಮೇಲೆ ಹೋದರು. ಲಿಕ್ಟೆನ್‌ಸ್ಟೈನಿನ ಕ್ಲಬ್ ಒಂದು ಸ್ವಿಸ್ ಫುಟ್‌ಬಾಲಿನ ಮೊದಲ ದರ್ಜೆಗೆ ಬಂದದ್ದು ಅದೇ ಮೊದಲು. ಆದರೆ ಒಂದೇ ವರ್ಷ. ನಡುವೆ ಪಿಯರ್ ಲಿಟ್‌ಬಾರ್ಸ್ಕಿ ಕೋಚ್ ಆಗಿ ಬಂದರು. 1990ರ ವಿಶ್ವಕಪ್ ಗೆದ್ದ ಜರ್ಮನ್ ತಂಡದ ಆಟಗಾರ. ಅವರಿಂದಲೂ ತಂಡವನ್ನು ಉಳಿಸಲು ಆಗಲಿಲ್ಲ. ಕೊನೆಯ ಸ್ಥಾನ ಬಂತು, ಕೆಳಗಿಳಿದರು.

2014ರಲ್ಲಿ ಜಾರ್ಜಿಯೊ ಕಾಂಟಿನಿ ಮತ್ತೆ ಮೇಲೆ ತಂದರು. ಈ ಸಲ ಮೂರು ಋತು ನಿಂತರು. ಹತ್ತು ತಂಡಗಳ ಲೀಗ್‌ನಲ್ಲಿ ಮೊದಲ ವರ್ಷ ಒಂಬತ್ತನೆಯವರು, ಎರಡನೇ ವರ್ಷ ಎಂಟನೆಯವರು. ಪಟ್ಟಿಯಲ್ಲಿ ನೋಡಿದರೆ ಇದು ಸಣ್ಣದಾಗಿ ಕಾಣುತ್ತದೆ. ಆದರೆ ಬಾಸೆಲ್, ಜೂರಿಕ್, ಬರ್ನ್‌ನಂಥ ನಗರಗಳ ತಂಡಗಳೆದುರು 6,000 ಜನರ ಊರು ಮೂರು ವರ್ಷ ಉಸಿರು ಹಿಡಿದು ನಿಂತದ್ದು. ಕ್ಲಬ್ಬಿನ ಲೀಗ್ ಇತಿಹಾಸದಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಕಾಲ ಇದೇ. 2017ರಲ್ಲಿ ಇಳಿದರು.

2020ರಲ್ಲಿ ಥೂನ್ ಜೊತೆ ಏನೋ ರೋಚಕ ಪಂದ್ಯ ಆಯಿತಂತಲ್ಲ?

ಆಯಿತು. ಆಗ ಕೋಚ್ ಮಾರಿಯೊ ಫ್ರಿಕ್. ಲಿಕ್ಟೆನ್‌ಸ್ಟೈನಿಗೆ ಇವರಷ್ಟು ಗೋಲು ಹೊಡೆದವರು ಬೇರೆ ಯಾರೂ ಇಲ್ಲ. 125 ಪಂದ್ಯ, 16 ಗೋಲು. ಇಟಲಿಯ ಮೊದಲ ದರ್ಜೆಯಲ್ಲಿ ಆಡಿದ ತಮ್ಮ ದೇಶದ ಮೊದಲಿಗರೂ ಇವರೇ.

ಚಾಲೆಂಜ್ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆದ ವಡೂಟ್ಸ್, ಸೂಪರ್ ಲೀಗ್‌ನಲ್ಲಿ ಒಂಬತ್ತನೆಯದಾಗಿದ್ದ ಥೂನ್ ಜೊತೆ ಎರಡು ಪಂದ್ಯ ಆಡಬೇಕಿತ್ತು. ರೈನ್‌ಪಾರ್ಕ್‌ನಲ್ಲಿ 2-0 ಗೆಲುವು. ಆಮೇಲೆ ಥೂನ್‌ನಲ್ಲಿ ಏಳು ಗೋಲುಗಳ ಪಂದ್ಯ. ವಡೂಟ್ಸ್ 3-4ರಿಂದ ಸೋತಿತು. ಆದರೆ ಒಟ್ಟು ಲೆಕ್ಕ 5-4. ಒಂದೇ ಒಂದು ಗೋಲಿನ ಅಂತರದಲ್ಲಿ ಮೇಲೆ ಹೋದರು. ಪಂದ್ಯ ಸೋತು ಬಡ್ತಿ ಪಡೆದ ಸಂಜೆ ಅದು. ಮರುವರ್ಷ, 2021ರಲ್ಲಿ ಮತ್ತೆ ಇಳಿದರು.

## ಕಪ್ ಮತ್ತು ಯುರೋಪ್

ಲಿಕ್ಟೆನ್‌ಸ್ಟೈನ್ ಕಪ್ ಅಂದರೆ ಏನು? ಯಾವಾಗಲೂ ಇವರೇ ಗೆಲ್ಲೋದಾ?

ದೇಶಕ್ಕೆ ಲೀಗ್ ಇಲ್ಲ, ಆದರೆ ಕಪ್ ಇದೆ. 1946ರಿಂದ ನಡೆದುಬಂದಿದೆ. ಮೊದಲ ಕಪ್ ಗೆದ್ದದ್ದು ಟ್ರೀಸೆನ್. ವಡೂಟ್ಸ್‌ನ ಮೊದಲ ಕಪ್ 1949ರದು. ಈಗ ಅವರ ಲೆಕ್ಕ 50ರ ಆಸುಪಾಸಿನಲ್ಲಿದೆ. 1998ರಿಂದ 2011ರವರೆಗೆ ಸತತ 14 ಸಲ ಗೆದ್ದರು.

ಬಹುತೇಕ ಇವರೇ ಗೆಲ್ಲುತ್ತಾರೆ ಎನ್ನುವುದು ನಿಜ. 2016ರ ಫೈನಲ್‌ನಲ್ಲಿ ಶಾನ್ ವಿರುದ್ಧ 11-0. ಇಂಥ ಫೈನಲ್ ನೋಡುವುದು ಯಾರಿಗೂ ಖುಷಿ ಕೊಡುವುದಿಲ್ಲ, ಗೆದ್ದವರಿಗೂ ಅಷ್ಟೇ. ಆದರೆ 2012ರ ಫೈನಲ್‌ನಲ್ಲಿ ಎಶೆನ್-ಮೌರೆನ್ ವಡೂಟ್ಸ್ ಅನ್ನು ಸೋಲಿಸಿತು. ಆ ವರ್ಷ ಯುರೋಪಾ ಲೀಗ್ ಎಂಬ ಯುರೋಪಿನ ಸ್ಪರ್ಧೆಗೆ ಹೋಗಿ ಐಸ್‌ಲೆಂಡಿನ ಎಫ್‌ಎಚ್ ತಂಡವನ್ನು ಎದುರಿಸಿದ್ದೂ ಅದೇ. ವಡೂಟ್ಸ್ ಮನೆಯಲ್ಲಿ ಕೂತು ನೋಡಿತು.

ಕೋವಿಡ್ ಕಾರಣಕ್ಕೆ 2020 ಮತ್ತು 2021ರಲ್ಲಿ ಕಪ್ ಪೂರ್ತಿಯಾಗಲಿಲ್ಲ. ಆ ಎರಡು ವರ್ಷ ದೇಶದ ಪರವಾಗಿ ವಡೂಟ್ಸ್ ತಂಡವನ್ನೇ ಯುರೋಪಿಗೆ ಕಳಿಸಿದರು.

ಯುರೋಪಿನಲ್ಲಿ ಮೊದಲ ಸಲ ಆಡಿದಾಗ ಏನಾಯಿತು?

ದೊಡ್ಡ ಪೆಟ್ಟು ಬಿತ್ತು. 1992ರಲ್ಲಿ, ಕಪ್ ವಿನ್ನರ್ಸ್ ಕಪ್, ಅಂದರೆ ಬೇರೆ ಬೇರೆ ದೇಶಗಳ ಕಪ್ ಗೆದ್ದವರ ಸ್ಪರ್ಧೆ. ಎದುರಾಳಿ ಉಕ್ರೇನಿನ ಚೋರ್ನೊಮೊರೆಟ್ಸ್ ಒಡೆಸ್ಸಾ. ತವರಿನಲ್ಲಿ 0-5, ಅಲ್ಲಿ 1-7. ಲಿಕ್ಟೆನ್‌ಸ್ಟೈನಿನ ಕ್ಲಬ್ ಒಂದು ಯುರೋಪಿನ ಸ್ಪರ್ಧೆಗೆ ಕಾಲಿಟ್ಟದ್ದು ಅದೇ ಮೊದಲು.

ಆದರೆ ಒಂದು ಸುತ್ತು ಗೆದ್ದ ಮೊದಲ ಕೀರ್ತಿ ವಡೂಟ್ಸ್‌ನದಲ್ಲ, ಬಾಲ್ಜರ್ಸ್‌ನದು. 1993ರಲ್ಲಿ ಅವರು ಅಲ್ಬೇನಿಯಾದ ಆಲ್ಬ್‌ಪೆಟ್ರೋಲ್ ತಂಡವನ್ನು ಹೊರಗೆ ಹಾಕಿದರು. ವಡೂಟ್ಸ್ ಬಗ್ಗೆ ಮಾತಾಡುವಾಗ ಇದನ್ನು ಮರೆಯಬಾರದು.

ಪ್ಯಾರಿಸ್ ಸೇಂಟ್ ಜರ್ಮೇನ್ ಜೊತೆ ಆಡಿದ್ದು ನಿಜಾನಾ?

ನಿಜ. 1996ರ ಕಪ್ ವಿನ್ನರ್ಸ್ ಕಪ್. ಮೊದಲು ಲಾಟ್ವಿಯಾದ ಯೂನಿವರ್ಸಿಟಾಟೆ ರಿಗಾ ಎದುರು ಎರಡೂ ಪಂದ್ಯ 1-1 ಆಯಿತು. ಪೆನಾಲ್ಟಿಯಲ್ಲಿ ವಡೂಟ್ಸ್ 4-2ರಿಂದ ಗೆದ್ದಿತು. ಬಹುಮಾನವಾಗಿ ಸಿಕ್ಕಿದ್ದು ಹಿಂದಿನ ಋತುವಿನಲ್ಲಿ ಅದೇ ಕಪ್ ಗೆದ್ದಿದ್ದ ಪ್ಯಾರಿಸ್. 0-4, 0-3. ಸ್ಕೋರ್ ನೋಡಿ ಮುಖ ಸಿಂಡರಿಸುವ ಮೊದಲು ನಾಲ್ಕು ವರ್ಷ ಹಿಂದಿನ ಒಡೆಸ್ಸಾ ಲೆಕ್ಕ ನೋಡಿ. ಆಗ 12 ಗೋಲು ಬಿಟ್ಟುಕೊಟ್ಟಿದ್ದರು, ಈಗ ಯುರೋಪಿನ ಕಪ್ ಗೆದ್ದ ತಂಡಕ್ಕೆ ಏಳು.

ಪೆನಾಲ್ಟಿ ಇಲ್ಲದೆ ಆಟದಲ್ಲೇ ಗೆದ್ದದ್ದು ಯಾವಾಗ?

2004ರಲ್ಲಿ, ಯುರೋಪಿನ ಫುಟ್‌ಬಾಲ್ ಸಂಸ್ಥೆಯಾದ ಯುಇಎಫ್‌ಎ ನಡೆಸುತ್ತಿದ್ದ ಯುಇಎಫ್‌ಎ ಕಪ್‌ನಲ್ಲಿ. ಐರ್ಲೆಂಡಿನ ಲಾಂಗ್‌ಫರ್ಡ್ ಟೌನ್ ಅನ್ನು 1-0 ಮತ್ತು 3-2ರಿಂದ, ಎರಡೂ ಕಡೆ ಸೋಲಿಸಿದರು. ಆಮೇಲೆ ಸುತ್ತುಗಳನ್ನು ಗೆಲ್ಲುವುದು ಅಪರೂಪವಾಗಿ ಉಳಿಯಲಿಲ್ಲ. 2006ರಲ್ಲಿ ಹಂಗೆರಿಗೆ ಹೋಗಿ ಉಯ್‌ಪೆಸ್ಟ್ ತಂಡವನ್ನು 4-0ಯಿಂದ ಬಡಿದರು. 2009ರಲ್ಲಿ ಸ್ಕಾಟ್ಲೆಂಡಿನ ಫಾಲ್ಕರ್ಕ್ ಎದುರು ಅಲ್ಲಿ 0-1 ಸೋತು, ತವರಿನಲ್ಲಿ ಹೆಚ್ಚುವರಿ ಸಮಯಕ್ಕೆ ಎಳೆದು 2-0ಯಿಂದ ಗೆದ್ದರು.

‘ಹೊರ ಊರಿನ ಗೋಲು’ ನಿಯಮ ಇವರಿಗೆ ಬಹಳ ಅನ್ಯಾಯ ಮಾಡಿದೆಯಂತೆ, ಹೌದಾ?

ಎರಡು ಪಂದ್ಯಗಳ ಒಟ್ಟು ಸ್ಕೋರ್ ಸಮ ಆದರೆ, ಎದುರಾಳಿಯ ಊರಿನಲ್ಲಿ ಜಾಸ್ತಿ ಗೋಲು ಹೊಡೆದವರು ಮುಂದೆ ಹೋಗುತ್ತಿದ್ದರು. ಯುಇಎಫ್‌ಎ ಈ ನಿಯಮವನ್ನು 2021ರಲ್ಲಿ ತೆಗೆದುಹಾಕಿತು. ಅಲ್ಲಿಯವರೆಗೆ ವಡೂಟ್ಸ್ ಹಲವು ಸಲ ಇದಕ್ಕೆ ಬಲಿಯಾಯಿತು. ಅದರಲ್ಲಿ ಮೂರನ್ನು ಹೇಳುತ್ತೇನೆ.

2002ರಲ್ಲಿ ಸ್ಕಾಟ್ಲೆಂಡಿನ ಲಿವಿಂಗ್‌ಸ್ಟನ್: ಇಲ್ಲಿ 1-1, ಅಲ್ಲಿ 0-0. ಒಂದೂ ಪಂದ್ಯ ಸೋಲದೆ ಹೊರಗೆ. 2006ರಲ್ಲಿ ಬಾಸೆಲ್: ಅಲ್ಲಿ 0-1, ಇಲ್ಲಿ 2-1 ಗೆಲುವು. ಸ್ವಿಟ್ಜರ್ಲೆಂಡಿನ ಅತಿ ಬಲಿಷ್ಠ ಕ್ಲಬ್ ಅನ್ನು ರೈನ್‌ಪಾರ್ಕ್‌ನಲ್ಲಿ ಸೋಲಿಸಿಯೂ ಹೊರಗೆ. 2015ರಲ್ಲಿ ಥೂನ್: ಅಲ್ಲಿ 0-0, ಇಲ್ಲಿ 2-2. ಮತ್ತೆ ಸೋಲದೆ ಹೊರಗೆ. ಇದರಲ್ಲಿ ಬಾಸೆಲ್ ಪಂದ್ಯದ ನೋವು ನನಗೆ ಇನ್ನೂ ಹೋಗಿಲ್ಲ.

ನ್ಯಾಯವಾಗಿ ಹೇಳಬೇಕಾದರೆ ಅದೇ ನಿಯಮ ಕೈ ಹಿಡಿದದ್ದೂ ಉಂಟು. 2011ರಲ್ಲಿ ಸರ್ಬಿಯಾದ ವೊಯ್ವೊದಿನಾ ತವರಿನಲ್ಲೇ 2-0ಯಿಂದ ಸೋಲಿಸಿ ಹೋಗಿತ್ತು. ಎಲ್ಲ ಮುಗಿಯಿತು ಅಂದುಕೊಂಡವರೇ ಹೆಚ್ಚು. ವಡೂಟ್ಸ್ ಅಲ್ಲಿಗೆ ಹೋಗಿ 3-1ರಿಂದ ಗೆದ್ದು ಮುಂದಿನ ಸುತ್ತಿಗೆ ಏರಿತು.

2022ರ ವರ್ಷವನ್ನು ಅಷ್ಟು ದೊಡ್ಡದಾಗಿ ಯಾಕೆ ಹೇಳುತ್ತಾರೆ?

ಯಾಕೆಂದರೆ ಆ ವರ್ಷ ಲಿಕ್ಟೆನ್‌ಸ್ಟೈನಿನ ಕ್ಲಬ್ ಒಂದು ಮೊದಲ ಬಾರಿ ಯುರೋಪಿನ ಗುಂಪು ಹಂತ ತಲುಪಿತು. ಸ್ಪರ್ಧೆ ಕಾನ್ಫರೆನ್ಸ್ ಲೀಗ್, ಯುರೋಪಿನ ಕ್ಲಬ್ ಸ್ಪರ್ಧೆಗಳಲ್ಲಿ ಮೂರನೇ ಮಟ್ಟದ್ದು. ಕೋಚ್ ಅಲೆಸ್ಸಾಂಡ್ರೊ ಮಂಜಿಯಾರಟ್ಟಿ. ತಂಡ ಆಗ ಆಡುತ್ತಿದ್ದದ್ದು ಸ್ವಿಟ್ಜರ್ಲೆಂಡಿನ ಎರಡನೇ ದರ್ಜೆಯಲ್ಲಿ.

ಮೊದಲು ಸ್ಲೊವೇನಿಯಾದ ಕೋಪರ್ ಅನ್ನು ದಾಟಿದರು. ಆಮೇಲೆ ಟರ್ಕಿಯ ಕೊನ್ಯಾಸ್ಪೋರ್. ಹಿಂದಿನ ಋತುವಿನಲ್ಲಿ ಟರ್ಕಿಯ ಲೀಗ್‌ನಲ್ಲಿ ಮೂರನೇ ಸ್ಥಾನ ಪಡೆದಿದ್ದ ತಂಡ. ತವರಿನಲ್ಲಿ 1-1. ಇನ್ನು ಕೊನ್ಯಾದಲ್ಲಿ ಮುಗಿಯಿತು ಎಂದುಕೊಂಡರೆ, ಅಲ್ಲಿ 4-2 ಗೆಲುವು!

ಕೊನೆಯ ಮೆಟ್ಟಿಲು ರಾಪಿಡ್ ವಿಯೆನ್ನಾ. ಆಸ್ಟ್ರಿಯಾದ ಲೀಗ್ ಅನ್ನು 32 ಸಲ ಗೆದ್ದ ಕ್ಲಬ್. ರೈನ್‌ಪಾರ್ಕ್‌ನಲ್ಲಿ 1-1. ಆಗಸ್ಟ್ 25ರಂದು ವಿಯೆನ್ನಾದಲ್ಲಿ ವಡೂಟ್ಸ್ 1-0. ಸುಮಾರು 20 ಲಕ್ಷ ಜನರ ನಗರದ ತಂಡವನ್ನು ಅದರ ಸ್ಟೇಡಿಯಂನಲ್ಲೇ 6,000 ಜನರ ಊರು ಮನೆಗೆ ಕಳಿಸಿತು. ಕ್ಲಬ್ಬಿನ ಇತಿಹಾಸದ ಅತ್ಯುತ್ತಮ ರಾತ್ರಿ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಎರಡನೇ ಯೋಚನೆ ಮಾಡದೆ ಇದನ್ನೇ ಹೇಳುತ್ತೇನೆ.

ಗುಂಪಿನಲ್ಲಿ ನೆದರ್ಲೆಂಡ್ಸ್‌ನ ಎಜೆಡ್ ಆಲ್ಕ್‌ಮಾರ್, ಉಕ್ರೇನಿನ ಡ್ನಿಪ್ರೊ-1, ಸೈಪ್ರಸ್‌ನ ಅಪೊಲೊನ್ ಲಿಮಸೋಲ್ ಇದ್ದವು. ಡ್ನಿಪ್ರೊ-1 ಮತ್ತು ಅಪೊಲೊನ್ ಜೊತೆ ಒಂದೊಂದು ಡ್ರಾ. ಒಟ್ಟು 2 ಅಂಕ, ಕೊನೆಯ ಸ್ಥಾನ. ಗುಂಪಿನಲ್ಲಿ ಮೊದಲು ಬಂದ ಆಲ್ಕ್‌ಮಾರ್ ಆ ವರ್ಷ ಸೆಮಿಫೈನಲ್‌ವರೆಗೆ ಹೋಯಿತು. ರಾತ್ರಿಯ ಪಂದ್ಯ ಅಲ್ಲಿ ಒಂಬತ್ತಕ್ಕೆ ಶುರುವಾದರೆ ನಮ್ಮಲ್ಲಿ ಹನ್ನೆರಡೂವರೆ. ಎದ್ದು ಕೂತದ್ದು ಸಾರ್ಥಕ ಅನ್ನಿಸಿದ ಪಂದ್ಯಗಳು.

## ಸ್ವಲ್ಪ ಆಳಕ್ಕೆ

ಒಂದು ವೇಳೆ ಸ್ವಿಸ್ ಸೂಪರ್ ಲೀಗ್ ಗೆದ್ದರೆ ಚಾಂಪಿಯನ್ಸ್ ಲೀಗ್‌ಗೆ ಹೋಗ್ತಾರಾ?

ಹೋಗುವುದಿಲ್ಲ. ಲೀಗ್‌ನಲ್ಲಿ ಎಷ್ಟೇ ಮೇಲಿನ ಸ್ಥಾನ ಬಂದರೂ ವಡೂಟ್ಸ್ ಸ್ವಿಟ್ಜರ್ಲೆಂಡಿನ ಪರವಾಗಿ ಯುರೋಪಿಗೆ ಹೋಗುವಂತಿಲ್ಲ. ಆ ಜಾಗ ಸ್ವಿಸ್ ಕ್ಲಬ್‌ಗಳಿಗೇ ಸಲ್ಲುತ್ತದೆ. ವಡೂಟ್ಸ್‌ಗೆ ಯುರೋಪಿನ ದಾರಿ ಒಂದೇ, ಲಿಕ್ಟೆನ್‌ಸ್ಟೈನ್ ಕಪ್. ಚಾಂಪಿಯನ್ಸ್ ಲೀಗ್‌ಗೆ ದೇಶದ ಲೀಗ್ ಬೇಕು, ಅದು ಇಲ್ಲ. ಹಾಗಾಗಿ ಆ ಬಾಗಿಲು ಮುಚ್ಚಿಯೇ ಇದೆ. ಸ್ವಿಸ್ ಕಪ್‌ನಲ್ಲೂ ಇವರು ಆಡುವುದಿಲ್ಲ. ಸ್ವಿಸ್ ಲೀಗ್‌ನಲ್ಲಿ ಇರುವುದಕ್ಕೆ ಒಪ್ಪಂದ ಇದೆ. ಅದರಂತೆ ಕ್ಲಬ್ ಹಣವನ್ನೂ ಕಟ್ಟುತ್ತದೆ. ಸುಮ್ನೆ ಬಂದು ಆಡಿ ಹೋಗುವ ಅತಿಥಿಗಳಲ್ಲ ಇವರು.

ತಂಡದಲ್ಲಿ ಲಿಕ್ಟೆನ್‌ಸ್ಟೈನಿನ ಹುಡುಗರು ಎಷ್ಟು ಜನ? ಎಲ್ಲ ಹೊರಗಿನವರೇ ಅಂತಾರಲ್ಲ?

ಹೆಚ್ಚಿನವರು ಹೊರಗಿನವರು, ಅದರಲ್ಲೂ ಸ್ವಿಟ್ಜರ್ಲೆಂಡಿನವರು. 40,000 ಜನರ ದೇಶದಿಂದ ಒಂದು ಪೂರ್ತಿ ವೃತ್ತಿಪರ ತಂಡ ಕಟ್ಟುವುದು ಆಗುವ ಕೆಲಸವಲ್ಲ. ಆದರೆ ಊರಿನವರಿಗೆ ಜಾಗ ಇಲ್ಲ ಎನ್ನುವುದು ತಪ್ಪು. ಗೋಲ್‌ಕೀಪರ್ ಪೀಟರ್ ಯೇಲೆ ದೇಶಕ್ಕೆ 132 ಪಂದ್ಯ ಆಡಿದವರು, ವಡೂಟ್ಸ್‌ನ ಗೋಲನ್ನೂ ಕಾದವರು. ಅವರ ನಂತರ ಬೆಂಜಮಿನ್ ಬ್ಯೂಕೆಲ್ ಎರಡೂ ಕಡೆ ಅದೇ ಜಾಗಕ್ಕೆ ಬಂದರು. ಫ್ರಾಂಜ್ ಬುರ್ಗ್‌ಮೈಯರ್ ಆಟ ನಿಲ್ಲಿಸಿದ ಮೇಲೆ ಕ್ಲಬ್ಬಿನ ಕ್ರೀಡಾ ವಿಭಾಗ ನೋಡಿಕೊಂಡರು.

ದೇಶದ ತಂಡಕ್ಕೆ ಆಡುವ ಹುಡುಗನೊಬ್ಬನಿಗೆ ಮನೆ ಬಿಡದೆ ವೃತ್ತಿಪರ ಆಟಗಾರ ಆಗಲು ಇರುವುದು ಇದೊಂದೇ ಕ್ಲಬ್. ಇದು ಇಲ್ಲದಿದ್ದರೆ ಹದಿನಾರು ಹದಿನೇಳಕ್ಕೇ ಗಂಟು ಕಟ್ಟಿ ಬೇರೆ ದೇಶಕ್ಕೆ ಹೊರಡಬೇಕು.

ಯುರೋಪಿನಿಂದ ಹಣ ಬರುತ್ತದಾ? ಅಷ್ಟಕ್ಕೆಲ್ಲ ಯಾಕೆ ಒದ್ದಾಡಬೇಕು?

ಬರುತ್ತದೆ. 2022ರ ಕಾನ್ಫರೆನ್ಸ್ ಲೀಗ್ ಗುಂಪು ಹಂತಕ್ಕೆ ಬಂದ ಪ್ರತಿ ತಂಡಕ್ಕೂ ಯುಇಎಫ್‌ಎ 29.4 ಲಕ್ಷ ಯೂರೊ ಕೊಟ್ಟಿತು. ಪಂದ್ಯ ಗೆದ್ದರೆ, ಡ್ರಾ ಆದರೆ ಅದರ ಮೇಲೆ ಇನ್ನಷ್ಟು. ಸ್ವಿಸ್ ಎರಡನೇ ದರ್ಜೆಯ ಒಂದು ಕ್ಲಬ್‌ಗೆ ಇದು ಬಹಳ ದೊಡ್ಡ ಮೊತ್ತ. ಸೂಪರ್ ಲೀಗ್‌ನಿಂದ ಇಳಿದ ತಂಡಗಳು ಸಾಮಾನ್ಯವಾಗಿ ಹಣಕ್ಕೆ ಒದ್ದಾಡುತ್ತವೆ, ಆಟಗಾರರನ್ನು ಮಾರುತ್ತವೆ. ವಡೂಟ್ಸ್‌ಗೆ ಪ್ರತಿ ಬೇಸಿಗೆಯಲ್ಲೂ ಯುರೋಪಿನ ಒಂದು ಅವಕಾಶ ಇರುತ್ತದೆ. ಸಂಬಳದ ಜೊತೆಗೆ ತೋಟದ ಫಸಲೂ ಇದ್ದ ಹಾಗೆ. ಫಸಲು ಪ್ರತಿ ವರ್ಷ ಕೈಗೆ ಬರುವುದಿಲ್ಲ, ಬಂದ ವರ್ಷ ಮನೆ ಸುಧಾರಿಸುತ್ತದೆ.

ಇದಕ್ಕೆ ಇನ್ನೊಂದು ಮುಖವಿದೆ. ಯುಇಎಫ್‌ಎ ಪ್ರತಿ ದೇಶಕ್ಕೂ ಅದರ ಕ್ಲಬ್‌ಗಳ ಫಲಿತಾಂಶ ನೋಡಿ ಅಂಕ ಕೊಡುತ್ತದೆ. ಲಿಕ್ಟೆನ್‌ಸ್ಟೈನಿನಿಂದ ಹೋಗುವುದು ವರ್ಷಕ್ಕೆ ಒಂದೇ ಕ್ಲಬ್. ಹಾಗಾಗಿ ದೇಶದ ಇಡೀ ಅಂಕ ಆ ಒಂದೇ ತಂಡದ ಹೆಗಲ ಮೇಲೆ. ಬೇರೆ ದೇಶಗಳಲ್ಲಿ ಒಬ್ಬರು ಎಡವಿದರೆ ಇನ್ನೊಬ್ಬರು ಸರಿದೂಗಿಸುತ್ತಾರೆ. ಇಲ್ಲಿ ಆ ಅನುಕೂಲ ಇಲ್ಲ.

ಆರು ಸಣ್ಣ ತಂಡಗಳನ್ನು ಸೋಲಿಸಿ ಯುರೋಪಿಗೆ ಹೋಗೋದು ಹಿಂಬಾಗಿಲಿನ ದಾರಿ ಅಲ್ವಾ?

ಈ ಪ್ರಶ್ನೆಯನ್ನು ಸ್ವಿಸ್ ಅಭಿಮಾನಿಗಳೂ ಕೇಳುತ್ತಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಲೀಗ್‌ನಲ್ಲಿ ತಮಗಿಂತ ಕೆಳಗಿರುವ ತಂಡ ಬೇಸಿಗೆ ಬಂದ ಕೂಡಲೇ ಯುರೋಪಿಗೆ ಹೊರಟರೆ ಯಾರಿಗಾದರೂ ಹಾಗೆ ಅನ್ನಿಸುತ್ತದೆ.

ಆದರೂ ನಾನು ಒಪ್ಪುವುದಿಲ್ಲ. ಲಿಕ್ಟೆನ್‌ಸ್ಟೈನ್ 1974ರಿಂದ ಯುಇಎಫ್‌ಎ ಸದಸ್ಯ. ಸದಸ್ಯ ದೇಶದ ಕಪ್ ಗೆದ್ದವರಿಗೆ ಒಂದು ಅವಕಾಶ ಕೊಡುವುದು ಸಂಸ್ಥೆಯ ನಿಯಮ. ಅದು ದೊಡ್ಡ ದೇಶಕ್ಕೂ ಒಂದೇ, ಸಣ್ಣ ದೇಶಕ್ಕೂ ಒಂದೇ. ಅದರಿಂದ ಸಿಗುವುದು ಅರ್ಹತಾ ಸುತ್ತಿನ ಒಂದು ಜಾಗ ಮಾತ್ರ. ಜುಲೈ ತಿಂಗಳಲ್ಲಿ, ಬೇರೆ ಕ್ಲಬ್‌ಗಳು ಇನ್ನೂ ಅಭ್ಯಾಸ ಪಂದ್ಯ ಆಡುತ್ತಿರುವಾಗ, ಇವರು ವಿಮಾನ ಹತ್ತಿ ಎಲ್ಲಿಗೋ ಹೋಗಿ ಗೆಲ್ಲಲೇಬೇಕಾದ ಪಂದ್ಯ ಆಡುತ್ತಿರುತ್ತಾರೆ. ಬಹಳ ವರ್ಷ ಅದು ಅಲ್ಲಿಗೇ ಮುಗಿದುಹೋಗಿದೆ. 2020ರಲ್ಲಿ ಮಾಲ್ಟಾದ ಹೈಬರ್ನಿಯನ್ಸ್ ಎದುರು 0-2ರಿಂದ ಸೋತು ಮೊದಲ ಪಂದ್ಯದಲ್ಲೇ ಹೊರಬಿದ್ದರು. ಮರುವರ್ಷ ಉಯ್‌ಪೆಸ್ಟ್ ಎದುರು ಎರಡೂ ಪಂದ್ಯ ಸೋತರು.

ಇನ್ನೊಂದು ಮಾತು. ಈ ದಾರಿ ವಡೂಟ್ಸ್ ಹುಡುಕಿಕೊಂಡದ್ದಲ್ಲ, ಅವರಿಗೆ ಇರುವುದೇ ಅದು. ಲೀಗ್‌ನಲ್ಲಿ ಎರಡನೇ ಸ್ಥಾನ ಬಂದರೂ ಯುರೋಪ್ ಸಿಗದ ತಂಡ ಸ್ವಿಸ್ ಸೂಪರ್ ಲೀಗ್‌ನಲ್ಲಿ ಬೇರೆ ಯಾವುದಿದೆ? ಕಪ್ ಸುಲಭ ಇರಬಹುದು. ಅದರ ಮುಂದೆ ಕೊನ್ಯಾ ಇತ್ತು, ವಿಯೆನ್ನಾ ಇತ್ತು. ಅಲ್ಲಿ ಎದುರಿಗಿದ್ದದ್ದು ರುಗ್ಗೆಲ್ ಅಲ್ಲ, ರಾಪಿಡ್. ಒಡೆಸ್ಸಾ ಎದುರು 12 ಗೋಲು ಬಿಟ್ಟುಕೊಟ್ಟ ಕ್ಲಬ್ ಸರಿಯಾಗಿ 30 ವರ್ಷದ ನಂತರ ರಾಪಿಡ್‌ನ ಸ್ಟೇಡಿಯಂನಲ್ಲಿ ಒಂದೂ ಗೋಲು ಬಿಡದೆ ಗೆದ್ದು ಬಂದಿತು.